‘ಹರ್ಟ್ ಆತು’ ಎಂಬ ಮಾತು

(ಜುಮಾ ಪ್ರವಚನದ ಸಾರಾಂಶ)



ಈಗ ನಮ್ಮ ಜಮಖಂಡಿ, ಮುಧೋಳ ಕಡೆಯ ಮನೆಗಳಲ್ಲಿ ಒಂದು ಇಂಗ್ಲಿಷ್ ಪದ ದಿನಾ ಕಿವಿಗೆ ಬೀಳುತ್ತದೆ: ‘ಹರ್ಟ್’. “ಅಬ್ಬಾ ನನ್ನ ಎಲ್ಲಾರ ಮುಂದ ಬೈದ್ರು, ಹರ್ಟ್ ಆತು” ಎನ್ನುತ್ತಾಳೆ ಮಗಳು. ಹಿರಿಯರು ನಗುತ್ತಾರೆ. ನಾವು ಬೆತ್ತದ ಏಟು ತಿಂದು ಬೆಳೆದವರು, ಇದೆಂಥ ಹರ್ಟು! ನಗುವ ಮೊದಲು ಆ ಪದವನ್ನು ಸ್ವಲ್ಪ ನೋಡೋಣ.

ಇಂಗ್ಲಿಷಿಗೆ ಅದು ಹಳೆಯ ಫ್ರೆಂಚ್‌ನಿಂದ ಬಂತು. ಅಲ್ಲಿ ಅದರ ಅರ್ಥ ಡಿಕ್ಕಿ ಹೊಡೆಯುವುದು, ಹಾಯುವುದು. ಮೈಗೆ ಬಿದ್ದ ಪೆಟ್ಟಿಗೂ ಮನಸ್ಸಿಗೆ ಬಿದ್ದ ಪೆಟ್ಟಿಗೂ ಒಂದೇ ಪದ. ನಮ್ಮ ‘ನೋವು’ ಕೂಡ ಹಾಗೆಯೇ. ಕುರ್‌ಆನ್‌ನಲ್ಲಿ ‘ಅಝಾ’ ಎಂಬ ಪದವಿದೆ. ನೋಯಿಸಿ ಕೊಡುವ ದಾನಕ್ಕಿಂತ ಒಂದು ಒಳ್ಳೆಯ ಮಾತು, ಒಂದು ಕ್ಷಮೆ ಮೇಲು ಎಂದು ಸೂರಃ ಅಲ್ ಬಕರಃದ 263ನೆಯ ಆಯತ್ ತಿಳಿಸುತ್ತದೆ. ಹಂಗಿಸಿ ನೋಯಿಸಿದರೆ ಕೊಟ್ಟದ್ದೇ ವ್ಯರ್ಥವೆಂದು ಮುಂದಿನ ಆಯತ್ ಎಚ್ಚರಿಸುತ್ತದೆ.

2019ರ ಆಗಸ್ಟ್ ನಿಮಗೆ ನೆನಪಿದೆ. ಕೃಷ್ಣಾ, ಘಟಪ್ರಭಾ ಉಕ್ಕಿ ನಮ್ಮ ತಾಲ್ಲೂಕುಗಳ ಹಳ್ಳಿಗಳಿಗೆ ನೀರು ನುಗ್ಗಿತ್ತು. ನಾವೂ ರೇಷನ್ ಕಿಟ್ ಹಂಚಲು ಹೋಗಿದ್ದೆವು. ನಮ್ಮ ಜೊತೆಯ ಹುಡುಗನೊಬ್ಬ ಫೋನ್ ಹಿಡಿದು, “ಅಕ್ಕಾರ, ಸ್ವಲ್ಪ ಇತ್ತಾಗ ನೋಡ್ರಿ” ಎಂದ. ಆ ತಾಯಿ ಒಂದು ಕೈಯಲ್ಲಿ ಚೀಲ ಹಿಡಿದು ಇನ್ನೊಂದು ಕೈಯಿಂದ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ರಾತ್ರಿ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಯಿತು. ನಾವು ತಡೆಯಲಿಲ್ಲ. ಮುಂದೆ ಅವರ ಮಗ ಬಜಾರದಲ್ಲಿ ಸಿಕ್ಕಾಗ ನಾವು ಅಂದದ್ದು ಇಷ್ಟೇ: “ಹರ್ಟ್ ಆಗಿದ್ರ ಸಾರಿಪಾ.” “ಇರ್ಲಿ ಬಿಡ್ರಿ ಮೌಲಾನಾ” ಎಂದು ಅವನು ಹೊರಟುಹೋದ.

ಆ ‘ಆಗಿದ್ರ’ ಎಂಬುದರಲ್ಲೇ ನಮ್ಮ ಜಾಣತನವಿತ್ತು. ತಪ್ಪು ನಮ್ಮದಲ್ಲ, ಅವರ ಮನಸ್ಸು ಮೆತ್ತಗಿದ್ದದ್ದೇ ತಪ್ಪು ಎಂಬಂತೆ. ಗಮನಿಸಿ, ನಮಗೆ ಯಾರಾದರೂ ಏನಾದರೂ ಅಂದರೆ “ಅವ ಹರ್ಟ್ ಮಾಡಿದ” ಎನ್ನುತ್ತೇವೆ. ನಾವೇ ಅಂದಾಗ ಮಾತ್ರ “ಅವಗ ಹರ್ಟ್ ಆತು”! ಮಾಡಿದವರೇ ಇಲ್ಲ, ತಾನಾಗಿ ಆಯಿತು. ಸಹೋದರನ ಮಾನಕ್ಕೆ ಧಕ್ಕೆ ತಂದವನು ದೀನಾರ್, ದಿರ್ಹಮ್ ನಡೆಯದ ದಿನ ಬರುವ ಮೊದಲೇ ಅವನಿಂದ ಬಿಡಿಸಿಕೊಳ್ಳಲಿ ಎಂದು ಪ್ರವಾದಿ(ಸ) ತಾಕೀತು ಮಾಡಿದ್ದು ಬುಖಾರಿಯಲ್ಲಿದೆ. ಅಲ್ಲಿ ‘ಆಗಿದ್ದರೆ’ ನಡೆಯದು.

ಫಜ್ರ್‌ಗೆ ಎಬ್ಬಿಸಿದ್ದಕ್ಕೆ, ಮೊಬೈಲ್ ಕೆಳಗಿಡು ಎಂದದ್ದಕ್ಕೆ ಹರ್ಟ್ ಎನ್ನುವ ಮಕ್ಕಳೂ ಇದ್ದಾರೆ. ಅದು ಬೇರೆ, ಬುದ್ಧಿಮಾತು ಕಹಿಯೇ. ಆದರೂ ಅದನ್ನು ನಾಲ್ಕು ಜನರ ಮುಂದೆ ಹೇಳಬೇಕಾಗಿಲ್ಲ. ಹಝ್ರತ್ ಯೂಸುಫ್(ಅ) ತಮ್ಮ ತಂದೆಯೆದುರು ಅಲ್ಲಾಹನ ಉಪಕಾರ ನೆನೆದಾಗ ಸೆರೆಮನೆಯಿಂದ ಬಿಡುಗಡೆಯಾದದ್ದನ್ನು ಹೇಳಿದರು, ಬಾವಿಯ ಮಾತೆತ್ತಲಿಲ್ಲ. ಬಾವಿಗೆ ಹಾಕಿದ ಅಣ್ಣಂದಿರು ಅಲ್ಲೇ ಇದ್ದರು. ಅವರಿಗೆ ನಾಚಿಕೆಯಾಗದಿರಲಿ ಎಂದೇ ಹೀಗೆ ಮಾಡಿದರೆಂದು ಮುಫಸ್ಸಿರರು ವಿವರಿಸುತ್ತಾರೆ. ನೊಂದವರೇ ನೋಯಿಸಿದವರ ಮಾನ ಕಾದರು.

ಕಳೆದ ತಿಂಗಳು ನಾವು ಆ ಹಳ್ಳಿಗೆ ಹೋದೆವು. “ಫೋಟೋ ತೆಗೀಬ್ಯಾಡ ಅಂತ ನಾವು ಹೇಳಬೇಕಿತ್ತು, ಹೇಳಲಿಲ್ಲ. ನಿಮ್ಮನ್ನ ನೋಯಿಸಿದ್ವಿ” ಎಂದೆವು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ಚಹಾಕ್ಕಿಟ್ಟರು.

ಬರುವ ರಮಝಾನ್‌ನಿಂದ ನಮ್ಮ ಮಸೀದಿಯ ಕಿಟ್‌ಗಳು ತರಾವೀಹ್ ನಂತರ ಮನೆಗೇ ಹೋಗುತ್ತವೆ. ಒಯ್ಯುವವರು ಫೋನ್ ಮಸೀದಿಯಲ್ಲೇ ಇಟ್ಟು ಹೋಗಬೇಕು. ಬೀಳಗಿ, ರಬಕವಿ-ಬನಹಟ್ಟಿಯ ಕಮಿಟಿಯವರಿಗೂ ಇದೇ ನಮ್ಮ ವಿನಂತಿ.