ಹಾಡು ಹಂಚುವ ಮುನ್ನ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಈ ನೆಲದಲ್ಲಿ ಕನ್ನಡದ ಹಾಡೆಂಬುದು ಬರಿಯ ವಿನೋದವಲ್ಲ. 1956ರ ನವೆಂಬರ್ 1ರಂದು ರಾಜ್ಯದ ಗೆರೆ ನಮ್ಮನ್ನು ಆಚೆಗಿರಿಸಿದ ಮೇಲೆ, ಮನೆಮನೆಗಳಲ್ಲಿ ನುಡಿಯನ್ನು ಕಾದುಕೊಂಡು ಬಂದವು ಶಾಲೆ, ಯಕ್ಷಗಾನ, ಭಜನೆ ಮತ್ತು ಭಾವಗೀತೆಗಳು. ಆದುದರಿಂದಲೇ, ಕಳೆದ ವರ್ಷ ನಮ್ಮ ತರುಣರು ಟೊರೆಂಟಿನ ಮೂಲಕ ನೂರಾರು ಕನ್ನಡ ಹಾಡುಗಳನ್ನು ಇಳಿಸಿಕೊಂಡು, ಪೆನ್‌ಡ್ರೈವ್‌ಗಳಲ್ಲಿ ತುಂಬಿ ಮನೆಮನೆಗೆ ಹಂಚಿದಾಗ ನಾವು ಹಿಗ್ಗಿದೆವು. ಇದೇ ನಿಜವಾದ ಭಾಷಾಸೇವೆಯೆಂದು ಹೊಗಳಿದೆವು. ನಮ್ಮ ಪಾಲಿನದನ್ನೂ ಕೈಚಾಚಿ ಪಡೆದೆವು.

ಕೆಲವು ದಿನಗಳ ತರುವಾಯ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, “ಮಾಸ್ಟ್ರೇ, ಇದಕ್ಕೆ ಪೋಲೀಸರು ಹಿಡಿಯುತ್ತಾರೆಯೇ?” ಎಂದು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ವ್ಯಾಕರಣವನ್ನೂ ಛಂದಸ್ಸನ್ನೂ ಓದಿದ್ದ ನಾವು ಅಂದಿನಿಂದ ಕೃತಿಸ್ವಾಮ್ಯದ ಕಾಯಿದೆಯನ್ನು ಓದತೊಡಗಿದೆವು. ಅಲ್ಲಿ ತಿಳಿದುದನ್ನು ನಿಮ್ಮ ಮುಂದಿಡುವುದೇ ಇಂದಿನ ಮಾತು.

ಮೊದಲು ಟೊರೆಂಟಿನ ರೀತಿಯನ್ನು ತಿಳಿಯೋಣ. ಅಲ್ಲಿ ಹಾಡು ಒಂದೇ ಕಡೆಯಿಂದ ಬರುವುದಿಲ್ಲ. ಅದು ಚೂರುಚೂರಾಗಿ ಹಲವರ ಯಂತ್ರಗಳಿಂದ ಬರುತ್ತದೆ. ಬಂದ ಚೂರನ್ನು ನಮ್ಮ ಯಂತ್ರವು ಕೂಡಲೇ ಬೇರೆಯವರಿಗೆ ಕೊಡತೊಡಗುತ್ತದೆ. ಮದುವೆಯ ಪಂಕ್ತಿಯಲ್ಲಿ ಉಣ್ಣಲು ಕುಳಿತವನೇ ಅದೇ ಹೊತ್ತಿಗೆ ಬಡಿಸುವವನೂ ಆದಂತೆ! ಕೇಳುವುದಕ್ಕಾಗಿ ತೆಗೆದುಕೊಂಡೆವೆಂದು ನಾವು ತಿಳಿದಿರುತ್ತೇವೆ. ಕಾನೂನಿನ ಕಣ್ಣಿಗೆ ನಾವು ಹಂಚಿದವರೂ ಆಗಿರುತ್ತೇವೆ. ನಮ್ಮ ಸಂಪರ್ಕದ ಐ.ಪಿ. ವಿಳಾಸವೂ ಅಲ್ಲಿ ಎಲ್ಲರಿಗೂ ಕಾಣುವಂತಿರುತ್ತದೆ. ಇಡೀ ಅಪಾಯದ ಬೇರು ಇಲ್ಲಿಯೇ ಇದೆ.

ಈ ಬೇರು ಎಂತಹ ಫಲವನ್ನು ಕೊಡಬಲ್ಲುದೆಂಬುದನ್ನು ಅಮೆರಿಕವು ಕಂಡಿದೆ. 1999ರಲ್ಲಿ ಹುಟ್ಟಿದ ನ್ಯಾಪ್‌ಸ್ಟರ್ ಎಂಬ ಹಂಚಿಕೆಯ ವ್ಯವಸ್ಥೆಯು ನ್ಯಾಯಾಲಯದ ಆಜ್ಞೆಯ ಫಲವಾಗಿ 2001ರಲ್ಲಿ ನಿಂತುಹೋಯಿತು. ಬಳಿಕ ಧ್ವನಿಮುದ್ರಣದ ಕಂಪೆನಿಗಳು ಸಾಮಾನ್ಯ ಜನರ ಮೇಲೆಯೇ ತಿರುಗಿದವು; 2003ರ ಸೆಪ್ಟೆಂಬರಿನಲ್ಲಿ ಒಮ್ಮೆಗೇ 261 ದಾವೆಗಳನ್ನು ಹೂಡಿದವು. ಮಿನ್ನೆಸೋಟ ಪ್ರಾಂತದ ಒಬ್ಬ ತಾಯಿಯ ಮೇಲಿನ ಮೊಕದ್ದಮೆಯು ಕೇವಲ 24 ಹಾಡುಗಳಿಗೆ ಸಂಬಂಧಿಸಿತ್ತು. 2007ರಲ್ಲಿ ಆಕೆಗೆ 2,22,000 ಡಾಲರುಗಳ ಪರಿಹಾರವನ್ನು ವಿಧಿಸಲಾಯಿತು. ಮರುವಿಚಾರಣೆಗಳಲ್ಲಿ ಆ ಮೊತ್ತವು ಏರಿತು, ಇಳಿಯಿತು. ಕೊನೆಗೆ 2012ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಮೊದಲಿನ ಮೊತ್ತವನ್ನೇ ನಿಲ್ಲಿಸಿತು. ಹಾಡೊಂದಕ್ಕೆ 9,250 ಡಾಲರು! ಇಂತಹ ಸಾಮೂಹಿಕ ದಾವೆಗಳನ್ನು ನಿಲ್ಲಿಸುವೆವೆಂದು ಕಂಪೆನಿಗಳು 2008ರ ಕೊನೆಯಲ್ಲಿ ಸಾರಿದುದು ನಿಜ. ಆದರೆ ಕಾನೂನು ಹಾಗೆಯೇ ಉಳಿಯಿತು.

ನಮ್ಮ ದೇಶದ ಮಾತೇನು? ನಮ್ಮ ಕೃತಿಸ್ವಾಮ್ಯ ಕಾಯಿದೆಯು 1957ರದು. ಅದು ಇಡೀ ಭಾರತದ ಕಾಯಿದೆ. ತಲಪಾಡಿಯ ಆಚೆಗೂ ಈಚೆಗೂ ಒಂದೇ. ತಿಳಿದೂ ತಿಳಿದೂ ಹಕ್ಕನ್ನು ಮೀರಿದವನಿಗೆ ಅದರ 63ನೆಯ ಕಲಮು ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಂದ ಎರಡು ಲಕ್ಷದವರೆಗೆ ದಂಡವನ್ನೂ ಹೇಳುತ್ತದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದುದಲ್ಲವಾದರೆ, ನ್ಯಾಯಾಧೀಶರು ತಕ್ಕ ಕಾರಣವನ್ನು ಬರೆದು ಶಿಕ್ಷೆಯನ್ನು ಕಡಿಮೆ ಮಾಡಬಹುದು. ಆದರೆ ಅಪರಾಧವು ಅಪರಾಧವೇ. ಈ ಕಲಮಿನ ಅಪರಾಧದಲ್ಲಿ ಪೋಲೀಸರು ವಾರಂಟಿಲ್ಲದೆ ಬಂಧಿಸಬಹುದೆಂದೂ, ಜಾಮೀನು ಹಕ್ಕಾಗಿ ದೊರೆಯುವುದಿಲ್ಲವೆಂದೂ 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ಸ್ವಂತ ಉಪಯೋಗಕ್ಕಾಗಿ ನ್ಯಾಯೋಚಿತವಾದ ಬಳಕೆಗೆ ಕಾಯಿದೆಯಲ್ಲಿ ಎಡೆಯುಂಟು. ಆದರೆ ಊರಿಗೆಲ್ಲ ಹಂಚಿದ ಮೇಲೆ ಅದನ್ನು ಸ್ವಂತ ಉಪಯೋಗವೆನ್ನುವುದೆಂತು? ಆ ಹುಡುಗನ ಪ್ರಶ್ನೆಗೆ, “ಹಿಡಿಯಬಹುದು, ಮಗು” ಎಂಬುದೇ ನಮ್ಮ ಉತ್ತರ.

“ಹಳೆಯ ಹಾಡಲ್ಲವೆ? ಕವಿಗಳು ತೀರಿಕೊಂಡಿಲ್ಲವೆ?” ಎಂದು ಕೆಲವರು ಕೇಳುವರು. ನಮ್ಮ ಮನೆಯಂಗಳದ ಉದಾಹರಣೆಯನ್ನೇ ನೋಡೋಣ. ಕವಿಯ ಹಕ್ಕು ಆತನ ಜೀವಿತಕಾಲವನ್ನೂ, ಮರಣದ ಮುಂದಿನ ವರ್ಷದಿಂದ 60 ವರ್ಷಗಳನ್ನೂ ವ್ಯಾಪಿಸುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತಾಗಿವೆ. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡುದು 2015ರಲ್ಲಿ. ಅವರ ಕವಿತೆಗಳ ಮೇಲಿನ ಹಕ್ಕು 2075ರ ಕೊನೆಯವರೆಗೆ ಇರುವುದು. ಇನ್ನು, ಕವಿತೆಯ ಹಕ್ಕು ಬೇರೆ, ರಾಗ ಸಂಯೋಜನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಪೈಗಳ ಕವಿತೆಯನ್ನೇ ಯಾರಾದರೂ ಹಾಡಿ ನಿನ್ನೆ ಮುದ್ರಿಸಿದ್ದರೆ, ಆ ಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷಗಳ ರಕ್ಷಣೆಯುಂಟು.

ತರುಣರನ್ನು ನಾವು ದೂರುತ್ತಿಲ್ಲ. ಅವರ ಪ್ರೀತಿ ನಿಜವಾದುದು. ಹೊಗಳುವ ಮೊದಲು ವಿಚಾರಿಸದೆ ಇದ್ದ ತಪ್ಪು ನಮ್ಮದು. ನಮ್ಮ ಪಾಲಿನ ಪೆನ್‌ಡ್ರೈವನ್ನು ನಾವು ಅಳಿಸಿರುವೆವು. ನೀವೂ ಹಾಗೆಯೇ ಮಾಡಬೇಕೆಂದು ಪ್ರಾರ್ಥಿಸುತ್ತೇವೆ. ಟೊರೆಂಟಿನಲ್ಲಿ ಇನ್ನೂ ಹಂಚಿಕೆ ನಡೆಯುತ್ತಿದ್ದರೆ ಇಂದೇ ನಿಲ್ಲಿಸಿರಿ. ಹಾಡು ಬೇಕೆನಿಸಿದರೆ ಹಕ್ಕುಳ್ಳವರೇ ಹೊರತಂದ ಕಡೆಯಲ್ಲಿ ಕೇಳೋಣ, ಕೊಳ್ಳೋಣ. ಕನ್ನಡದ ಗಾಯಕನಿಗೆ ಸಲ್ಲಬೇಕಾದುದನ್ನು ತಪ್ಪಿಸಿ ಕನ್ನಡವನ್ನು ಉಳಿಸಲಾಗದು.

ಹಂಚುವ ಆಸೆಯನ್ನು ಮಾತ್ರ ಬಿಡುವುದು ಬೇಡ. ಗೋವಿಂದ ಪೈಗಳ ಕವಿತೆಗಳು ಈಗ ನಮ್ಮೆಲ್ಲರವು. ನಮ್ಮ ಸಂಗೀತದ ಅಧ್ಯಾಪಕರು ಅವಕ್ಕೆ ಹೊಸದಾಗಿ ರಾಗವನ್ನು ಕೂಡಿಸಲಿ, ನಮ್ಮ ಮಕ್ಕಳು ಹಾಡಲಿ, ನಮ್ಮ ತರುಣರು ಮುದ್ರಿಸಲಿ. ಮುಂದಿನ ವಾರ್ಷಿಕೋತ್ಸವದ ವೇಳೆಗೆ ಆ ಹಾಡುಗಳನ್ನು, ಎಲ್ಲರ ಒಪ್ಪಿಗೆ ಪಡೆದು, ಅದೇ ಪೆನ್‌ಡ್ರೈವ್‌ಗಳಲ್ಲಿ ತುಂಬಿ ಮನೆಮನೆಗೆ ಹಂಚೋಣ. ಆಗ ಆ ಹುಡುಗನ ಪ್ರಶ್ನೆಗೆ ನಾವು ಅಂಜದೆ ಉತ್ತರಿಸಬಹುದು.