ಕಾವಲಿನ ಹುಲ್ಲು



ಪಟ್ಟಣವಾಸಿಗಳಾದ ನಮಗೆ ಹುಲ್ಲೆಂದರೆ ಹುಲ್ಲು. ಅದರಲ್ಲಿ ಎಳೆಯದು, ಬಲಿತದ್ದು ಎಂಬ ಭೇದವನ್ನು ನಾವು ಎಣಿಸುವವರಲ್ಲ. ದಂಟಿನ ಸೊಪ್ಪನ್ನು ಕೊಳ್ಳುವಾಗ ಮಾತ್ರ ಮುರಿದು ನೋಡುತ್ತೇವೆ. ಹಸುವಿನ ಪರೀಕ್ಷೆಯೂ ಇದೇ ಬಗೆಯದು. ಅದು ಗರಿಯನ್ನು ಆರಿಸಿ ಮೇಯ್ದು ಕಡ್ಡಿಯನ್ನು ಬಿಡುವುದು.

ಉಷ್ಣದೇಶಗಳ ಹುಲ್ಲು ಬಹು ಬೇಗ ಬೆಳೆದು ಬಹು ಬೇಗ ಮುಪ್ಪನ್ನು ಹೊಂದುವುದು. ಮಳೆ ಬಿದ್ದು ಮೂರು ನಾಲ್ಕು ವಾರಗಳಾದ ಚಿಗುರಿನ ಒಣತೂಕದಲ್ಲಿ ನೂರಕ್ಕೆ 10ರಿಂದ 15 ಭಾಗದಷ್ಟು ಸಸಾರಜನಕ ಪದಾರ್ಥವಿರಬಹುದು. ತೆನೆ ಬಿಟ್ಟು ಬೀಜ ಉದುರಿ ಒಣಗಿದ ಮೇಲೆ ಅದೇ ಹುಲ್ಲಿನಲ್ಲಿ 3-4 ಭಾಗ ಉಳಿದರೆ ಹೆಚ್ಚು. ಅಷ್ಟರಲ್ಲಿ ಕಡ್ಡಿಯೇ ಅಧಿಕವಾಗಿ, ಲಿಗ್ನಿನ್ ಎಂಬ ವಸ್ತು ಸೇರಿ ನಾರು ಮರದಂತಾಗುವುದು. ಹಸುವಿನ ಮೊದಲ ಹೊಟ್ಟೆಯಲ್ಲಿ ನಾರನ್ನು ಕೊಳೆಯಿಸಿ ಅರಗಿಸುವವು ಸೂಕ್ಷ್ಮಜೀವಿಗಳು. ಸಸಾರಜನಕವು ಸುಮಾರು 7 ಭಾಗಕ್ಕಿಂತ ಕಡಮೆಯಾದರೆ ಈ ಜೀವಿಗಳಿಗೇ ಆಹಾರ ಸಾಲದು. ಮೇವು ಅರಗದೆ ಹೊಟ್ಟೆಯಲ್ಲಿ ನಿಲ್ಲುವುದು. ಹಸು ಮೇಯುವುದನ್ನೇ ಕಡಮೆಮಾಡುವುದು. ಮೊಣಕಾಲೆತ್ತರದ ಹುಲ್ಲಿನ ನಡುವೆ ನಿಂತೂ ದನವು ಸೊರಗುವ ವಿಚಿತ್ರಕ್ಕೆ ಇದೇ ಕಾರಣ.

ಹಾಗಾದರೆ ಚಿಗುರನ್ನೇ ಸದಾ ಮೇಯಿಸೋಣವೆಂದರೆ ಅದೂ ಕೆಡಕು. ಗರಿಯನ್ನು ಮತ್ತೆ ಮತ್ತೆ ಕಳೆದುಕೊಂಡ ಬುಡದಲ್ಲಿ ಬೇರು ಕುಗ್ಗುವುದು. ರುಚಿಯಾದ ಜಾತಿಗಳು ಅಳಿದು, ದನದ ಮೈಗೆ ಚುಚ್ಚುವ ಸೂಜಿಯಂಥ ಬೀಜದ ಹುಲ್ಲುಗಳು ಹಬ್ಬುವುವು. ಆದಕಾರಣ ಮೇಯಿಸುವುದು, ಬಿಡುವು ಕೊಡುವುದು ಎರಡೂ ಬೇಕು. ಬಿಡುವಿಗೂ ಮಿತಿ ಬೇಕು. ಬ್ರೆಜಿಲ್ ದೇಶದವರು ಗಿನಿ ಹುಲ್ಲಿನ ಮೊಂಬಾಸಾ ತಳಿಯನ್ನು ಸುಮಾರು 90 ಸೆಂಟಿಮೀಟರ್ ಎತ್ತರವಾದೊಡನೆ ಮೇಯಿಸಬೇಕೆಂದು ಕಂಡುಕೊಂಡಿದ್ದಾರೆ. ಆಗ ಗರಿಗಳು ಬಿಸಿಲಿನ 95 ಭಾಗವನ್ನು ತಡೆದಿರುವುವು. ಅಲ್ಲಿಂದಾಚೆಗೆ ಬೆಳೆಯುವುದು ಹೆಚ್ಚಾಗಿ ಕಡ್ಡಿಯೇ. ಇಲ್ಲಿ ದಿನದ ಲೆಕ್ಕಕ್ಕಿಂತ ಎತ್ತರದ ಲೆಕ್ಕವೇ ಮೇಲೆಂದು ನಮ್ಮ ಅಭಿಪ್ರಾಯ. ಹುಲ್ಲು ಪಂಚಾಂಗವನ್ನು ನೋಡಿ ಬೆಳೆಯುವುದಿಲ್ಲವಷ್ಟೆ!

ಈ ಬಿಡುವಿನ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪು ಸುಲ್ತಾನನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಅದರ ಕಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಬೇಸಗೆಯವು ಸಾಮಾನ್ಯವಾಗಿ ಕೆರೆಯಂಗಳಗಳು. ಅಲ್ಲಿ ನೀರು, ನೆರಳು, ತೇವದ ಮೇಲೆ ಹಸುರು ಮೂರೂ ದೊರೆಯುತ್ತಿದ್ದುವು. ಮಳೆ ಹಿಡಿದೊಡನೆ ಅವನ್ನು ಮುಚ್ಚಿ, ಹಿಂಡನ್ನು ಬೇರೆಡೆಗೆ ಹೊಡೆಯುತ್ತಿದ್ದರು. ಎಲ್ಲೆಲ್ಲೂ ಬಯಲು ಒಣಗಿರುವಾಗ ಹಸುರಿರುವಲ್ಲಿಗೆ ದನವನ್ನು ಕೊಂಡೊಯ್ಯುವ ಈ ಏರ್ಪಾಡು ರಸಾಯನಶಾಸ್ತ್ರದ ನೆರವಿಲ್ಲದೆ ಆದದ್ದು.

ಕಾವಲುಗಳ ಬಹುಭಾಗ ಈಗ ಉಳುಮೆಗೂ ಇತರ ಕಾರ್ಯಗಳಿಗೂ ಸಂದುಹೋಗಿದೆ. ಉಳಿದುದರ ಎಕರೆಗಳನ್ನು ಮಾತ್ರ ಎಣಿಸಿದರೆ ನಷ್ಟವು ಪೂರ್ತಿಯಾಗಿ ತಿಳಿಯದು. ಮೂರು ಬಗೆಗಳಲ್ಲಿ ಒಂದು ತಪ್ಪಿದರೂ ಹಿಂಡು ವರ್ಷವೆಲ್ಲ ಉಳಿದೆರಡರ ಮೇಲೆಯೇ ನಿಲ್ಲಬೇಕಾಗುವುದು. ಆ ನೆಲಕ್ಕೆ ಬಿಡುವೆಂಬುದು ಇಲ್ಲವಾಗುವುದು.