ಊರಿನ ಸಾಮಾನು ಪರದೇಶಕ್ಕೆ: ಪ್ಯಾಕಿಂಗ್‌ಗಿಂತ ಮೊದಲು ಪಟ್ಟಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತಿನ ವಿಷಯ ವೀಸಾ ಅಲ್ಲ, ಟಿಕೆಟ್ಟೂ ಅಲ್ಲ. ಅವೆರಡೂ ಕೈಗೆ ಬಂದ ಮೇಲೆ ಶುರುವಾಗೋ ತಲೆನೋವು. ಮನೆ ಸಾಮಾನು ಹೆಂಗೆ ಕಳಿಸೋದು? ಆ ಕಡೆ ಕಸ್ಟಮ್ಸ್‌ನಲ್ಲಿ ಹೆಂಗೆ ಬಿಡಿಸ್ಕೊಳ್ಳೋದು? ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯಿಂದ ಕೊಲ್ಲಿಗೆ ಹೋಗೋರು ಮೊದಲಿಂದಲೂ ಇದ್ದಾರೆ. ಈಗ ನರ್ಸಿಂಗ್ ಓದಿದೋರು ಇಂಗ್ಲೆಂಡ್ ಕಡೆ, ಐಟಿಯೋರು ಅಮೆರಿಕ, ಕೆನಡಾ ಕಡೆ, ಓದೋರು ಆಸ್ಟ್ರೇಲಿಯಾ ಕಡೆ ನೋಡ್ತಿದ್ದಾರೆ. ಎರಡು ಸೂಟ್‌ಕೇಸ್‌ನಲ್ಲಿ ಹೋಗೋರಿಗೆ ತೊಂದರೆ ಕಡಿಮೆ. ಹೆಂಡತಿ, ಗಂಡ, ಮಕ್ಕಳನ್ನ ಕರ್ಕೊಂಡು ಸಂಸಾರ ಸಮೇತ ಹೋಗೋರಿಗೆ ಇವತ್ತಿನ ಮಾತು.

ಸಾಮಾನು ಹೋಗೋ ದಾರಿ

ಚಿಂಚೋಳಿ ಊರಿಗೆ ರೈಲಿಲ್ಲ. ತಾಂಡೂರಿಗೋ ಸೇಡಂಗೋ ಹೋಗಬೇಕು. ಆದರೆ ಪಕ್ಕದಲ್ಲೇ ಹಾದುಹೋಗೋ ಆ ರೈಲು ಮಾರ್ಗ ಸಣ್ಣದಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರ್ ಮೇಲೆ ಸಿಕಂದರಾಬಾದ್‌ಗೆ ಹೋಗೋ ನಿಜಾಮರ ಕಾಲದ ಆ ಹಳಿ 1874ರಲ್ಲೇ ಶುರುವಾಯ್ತು. ವಾಡಿಯಲ್ಲಿ ಮುಂಬೈ–ಚೆನ್ನೈ ಮಾರ್ಗಕ್ಕೆ ಸೇರ್ತದೆ. ಹಂಗಾಗಿ ನಮಗೆ ಬಂದರು ಅಂದರೆ ಮುಂಬೈ ಕಡೆಯ ನಾವಾ ಶೇವಾ, ವಿಮಾನ ಅಂದರೆ ಹೈದರಾಬಾದ್. ಬೆಂಗಳೂರು ನಮಗೆ ದೂರ.

ಸಮುದ್ರದ ಮೇಲೆ ಕಳಿಸೋರಿಗೆ ಎರಡು ದಾರಿ. ಒಂದು, ಲಾರಿಯಲ್ಲಿ ನೇರ ನಾವಾ ಶೇವಾಕ್ಕೆ. ಇನ್ನೊಂದು, ಹೈದರಾಬಾದಿನ ಸನತ್‌ನಗರದಲ್ಲಿರೋ ಒಳನಾಡು ಕಂಟೇನರ್ ಡಿಪೋಗೆ. ಇದನ್ನ 'ಒಣ ಬಂದರು' ಅಂತಾನೂ ಕರೀತಾರೆ. ಕಸ್ಟಮ್ಸ್ ತಪಾಸಣೆ ಅಲ್ಲೇ ಮುಗಿದು, ಸೀಲ್ ಆದ ಕಂಟೇನರ್ ಬಂದರಿಗೆ ಹೋಗ್ತದೆ. ಯಾವುದು ಅಗ್ಗ ಅಂತ ಎರಡಕ್ಕೂ ದರ ಕೇಳ್ರಿ, ಒಂದನ್ನೇ ಕೇಳಿ ಒಪ್ಪಬೇಡ್ರಿ.

ತೂಕವೋ, ಜಾಗವೋ?

ಇದು ಅರ್ಥ ಆದರೆ ಅರ್ಧ ದುಡ್ಡು ಉಳೀತದೆ. ಒಂದು ಶಹಾಬಾದ್ ಕಲ್ಲು, ಒಂದು ಕೌದಿ ತಗೊಳ್ರಿ. ಕಲ್ಲು ಸಣ್ಣ ಜಾಗ ಹಿಡೀತದೆ, ತೂಕ ಭಾಳ. ಕೌದಿ ಹಗುರ, ಜಾಗ ಭಾಳ.

ವಿಮಾನದಲ್ಲಿ ನಿಜವಾದ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಗಾತ್ರದ ತೂಕದ ಲೆಕ್ಕ ಹಿಂಗೆ: ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸೋದು. ಕೊರಿಯರ್‌ನೋರು ಬಹಳಷ್ಟು ಸಲ 5000ದಿಂದ ಭಾಗಿಸ್ತಾರೆ. 60, 50, 40 ಸೆಂಟಿಮೀಟರಿನ ಒಂದು ಡಬ್ಬಿಯಲ್ಲಿ ಕೌದಿ ತುಂಬಿದ್ರೆ ತಕ್ಕಡಿ ಮೇಲೆ 8 ಕಿಲೋ ಇರಬಹುದು, ಬಿಲ್ ಮಾತ್ರ 20 ಕಿಲೋಗೆ ಬರ್ತದೆ. ಕೊರಿಯರ್ ಆದರೆ 24 ಕಿಲೋಗೆ.

ಹಡಗಿನಲ್ಲಿ ಮನೆ ಸಾಮಾನಿಗೆ ಘನ ಮೀಟರ್ ಲೆಕ್ಕ. ಅದೇ ಡಬ್ಬಿ 0.12 ಘನ ಮೀಟರ್, ಅಂಥವು ಎಂಟು ಸೇರಿದ್ರೆ ಹೆಚ್ಚು ಕಡಿಮೆ ಒಂದು ಘನ ಮೀಟರ್. 20 ಅಡಿ ಕಂಟೇನರ್‌ನಲ್ಲಿ ಸುಮಾರು 33 ಘನ ಮೀಟರ್ ಜಾಗ ಇರ್ತದೆ. ನಮ್ಮಂಥೋರ ಮನೆ ಸಾಮಾನಿಗೆ ಪೂರ್ತಿ ಕಂಟೇನರ್ ಬೇಕಾಗೋದು ಅಪರೂಪ. ಬೇರೆಯವರ ಸಾಮಾನಿನ ಜೊತೆ ಹಂಚಿಕೊಂಡು ಕಳಿಸೋ ಪದ್ಧತಿ ಇದೆ, ಅದಕ್ಕೆ ಎಲ್‌ಸಿಎಲ್ ಅಂತಾರೆ. ಅಗ್ಗ, ಆದರೆ ನಿಧಾನ. ಇನ್ನೊಂದು ಮಾತು: 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ, ಯುರೋಪಿಗೆ ಹೋಗೋ ಎಷ್ಟೋ ಹಡಗು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಹತ್ತು ದಿನಕ್ಕೂ ಹೆಚ್ಚು ತಡ. ಹಂಗಾಗಿ 'ನಾನು ಮುಟ್ಟಿದ ವಾರಕ್ಕೆ ಸಾಮಾನು ಮುಟ್ಟತದೆ' ಅಂತ ಲೆಕ್ಕ ಹಾಕಬೇಡ್ರಿ. ಎರಡು ತಿಂಗಳಿಗೆ ಬೇಕಾದ ಬಟ್ಟೆ, ಪಾತ್ರೆ ನಿಮ್ಮ ಜೊತೆಗೇ ಇರಲಿ.

ಸುಂಕ ಯಾಕೆ ಬೀಳತದೆ, ಯಾಕೆ ಬೀಳಲ್ಲ

ಬಹಳಷ್ಟು ದೇಶ ಒಂದು ಮಾತು ಒಪ್ಪತಾವ: ಮನೆ ಬದಲಿಸಿ ಬರೋನು ವ್ಯಾಪಾರಿ ಅಲ್ಲ. ಅವನು ಬಳಸಿದ ಸಾಮಾನಿಗೆ ಸುಂಕ ಬೇಡ. ಆದರೆ 'ಬಳಸಿದ' ಅನ್ನೋದಕ್ಕೆ ಒಂದೊಂದು ದೇಶದ ಅಳತೆ ಬೇರೆ.

ಕುಂಚಾವರಂ ಕಡೆಯ ಒಬ್ಬ ನರ್ಸಮ್ಮ ಇಂಗ್ಲೆಂಡ್‌ಗೆ ಹೊರಟಾರೆ ಅಂತ ಇಟ್ಕೊಳ್ರಿ. ಅಲ್ಲಿ ಇದಕ್ಕೆ 'ಟ್ರಾನ್ಸ್‌ಫರ್ ಆಫ್ ರೆಸಿಡೆನ್ಸ್' ಅಂತ ಹೆಸರು. ಕನಿಷ್ಠ 12 ತಿಂಗಳು ಬ್ರಿಟನ್ ಹೊರಗೆ ವಾಸ ಇರಬೇಕು, ಸಾಮಾನು ಕನಿಷ್ಠ 6 ತಿಂಗಳು ಅವರದಾಗಿದ್ದು ಬಳಕೆಯಲ್ಲಿರಬೇಕು. ಅಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಗೆ ಆನ್‌ಲೈನ್ ಅರ್ಜಿ ಹಾಕಿದ್ರೆ ಒಂದು ನಂಬರ್ ಕೊಡ್ತಾರೆ. ಆ ನಂಬರ್ ಬಂದ ಮೇಲೆ ಸಾಮಾನು ಹಡಗು ಹತ್ತಿದ್ರೆ ನೆಮ್ಮದಿ. ಬಂದ ಮೇಲೆ 12 ತಿಂಗಳು ಆ ಸಾಮಾನು ಮಾರೋ ಹಂಗಿಲ್ಲ, ಬಾಡಿಗೆಗೆ ಕೊಡೋ ಹಂಗೂ ಇಲ್ಲ. ಈಗ ನೋಡ್ರಿ, ಹೋಗೋ ಹಿಂದಿನ ವಾರ ಕಲಬುರಗಿಗೆ ಹೋಗಿ ಹೊಸ ಮಿಕ್ಸರ್, ಹೊಸ ಕುಕ್ಕರ್ ಸೆಟ್ ತಂದು ಡಬ್ಬಿ ಸಮೇತ ಇಟ್ರೆ, ಅವು ಆರು ತಿಂಗಳ ಲೆಕ್ಕಕ್ಕೆ ಬರೋದಿಲ್ಲ. ಅವಕ್ಕೆ ತೆರಿಗೆ ಬೀಳಬಹುದು.

ಅಮೆರಿಕದಲ್ಲಿ ಫಾರಂ 3299. ಮನೆ ಸಾಮಾನು ಒಂದು ವರ್ಷ ಬಳಸಿದ್ದಾಗಿರಬೇಕು. ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಮಿಕ್ಸರ್ ಅಲ್ಲಿ ಸರಿಯಾಗಿ ತಿರುಗಲ್ಲ. ಸುಂಕ ಇಲ್ಲ ಅಂತ ಹೊತ್ತುಕೊಂಡು ಹೋಗೋದ್ರಲ್ಲಿ ಅರ್ಥ ಇಲ್ಲ.

ಕೆನಡಾದಲ್ಲಿ ಇನ್ನೊಂದು ಗಂಟು. ನೀವು ಮೊದಲ ಸಲ ಅಲ್ಲಿ ಇಳಿದ ದಿನವೇ, 'ನನ್ನ ಸಾಮಾನು ಹಿಂದಿನಿಂದ ಬರ್ತದೆ' ಅಂತ ಪಟ್ಟಿ ಕೊಡಬೇಕು. ಫಾರಂ ಹೆಸರು ಬಿಎಸ್‌ಎಫ್ 186. ರಾತ್ರಿ ವಿಮಾನ, ನಿದ್ದೆ ಇಲ್ಲ, ಮಗು ಅಳ್ತಿರ್ತದೆ, ಪಟ್ಟಿ ಕೊಡದೆ ಹೊರಗೆ ಬಂದುಬಿಟ್ರೆ, ಎರಡು ತಿಂಗಳ ನಂತರ ಬಂದ ಅದೇ ಸಾಮಾನಿಗೆ ಸುಂಕ ಕೇಳಬಹುದು. ಆಸ್ಟ್ರೇಲಿಯಾಕ್ಕೆ ಬಿ534 ಫಾರಂ, ಅಲ್ಲಿ ಬಳಕೆ 12 ತಿಂಗಳು. ಸೌದಿಯಲ್ಲಿ ಇಕಾಮಾ ಕೇಳ್ತಾರೆ, ಅದು ಕೈಗೆ ಬರೋ ಮೊದಲೇ ಸಾಮಾನು ಬಂದರಿಗೆ ಮುಟ್ಟಿದ್ರೆ ಗೋದಾಮಿನ ಬಾಡಿಗೆ ದಿನದ ಲೆಕ್ಕದಲ್ಲಿ ಏರ್ತಾ ಹೋಗ್ತದೆ.

ಗಸಗಸೆ, ಎಲೆ ಅಡಿಕೆ, ಎರೆ ಮಣ್ಣು

ಈಗ ಮುಖ್ಯ ಮಾತಿಗೆ ಬರೋಣ. ಸುಂಕ ಬಿದ್ರೆ ದುಡ್ಡು ಹೋಗ್ತದೆ. ಇಲ್ಲಿ ತಪ್ಪಿದ್ರೆ ಕೆಲಸ, ವೀಸಾ ಎರಡೂ ಹೋಗಬಹುದು.

ಗಸಗಸೆ ನಮ್ಮ ಅಡುಗೆ ಮನೆಯಲ್ಲಿ ಪಾಯಸಕ್ಕೆ, ಮಸಾಲೆಗೆ. ಯುಎಇ, ಸೌದಿಯಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಬರ್ತದೆ. ಅವ್ವ ಪ್ರೀತಿಯಿಂದ ಕಟ್ಟಿಕೊಟ್ಟ ಸಣ್ಣ ಪುಡಿಕೆಯಾದರೂ ಅಲ್ಲಿ ಕೇಸೇ. ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆಯೂ ಇದೆ. ನೋವಿಗೆ ಕೊಡೋ ಟ್ರಮಡಾಲ್, ಕೆಮ್ಮಿಗೆ ಕೊಡೋ ಕೊಡೀನ್ ಇರೋ ಔಷಧ ಯುಎಇಗೆ ಮುಂಚೆ ಅನುಮತಿ ಇಲ್ಲದೆ ಒಯ್ಯಬೇಡ್ರಿ. ಮನೆಯವರು ಪ್ಯಾಕ್ ಮಾಡಿದ್ರೂ, ಪಕ್ಕದ ಮನೆಯವರು 'ನಮ್ಮ ಹುಡುಗನಿಗೆ ಇದೊಂದು ಕೊಡಪ್ಪಾ' ಅಂತ ಕೊಟ್ಟಿದ್ರೂ, ಫಾರಂ ಮೇಲೆ ಸಹಿ ಯಾರದೋ ಉತ್ತರ ಕೊಡೋದು ಅವರೇ. ಬಿಚ್ಚಿ ನೋಡದ ಪುಡಿಕೆ ಯಾವುದೂ ನಿಮ್ಮ ಡಬ್ಬಿಗೆ ಹೋಗಬಾರದು. ಹಿರಿಯರಿಗೆ ಬೇಜಾರಾಗ್ತದೆ ಅಂತ ಸುಮ್ಮನಿರಬೇಡ್ರಿ. 'ಕಾಕಾ, ಅಲ್ಲಿ ಕಾಯ್ದೆ ಹಂಗದ, ಬಿಚ್ಚಿ ತೋರಿಸ್ರಿ' ಅಂತ ಕೇಳ್ರಿ.

ಆಸ್ಟ್ರೇಲಿಯಾ, ಅಮೆರಿಕದವರ ಹೆದರಿಕೆ ಬೇರೆ. ಅವರಿಗೆ ಹುಳದ ಭಯ. ಖಾಪ್ರಾ ಅಂತ ಒಂದು ಸಣ್ಣ ಜೀರುಂಡೆ, ಕಾಳು ಕಡಿಯೋದು. ಅದರ ಮರಿಹುಳ ತಿನ್ನಲಿಕ್ಕೆ ಏನೂ ಇಲ್ಲದೆ ವರ್ಷಗಟ್ಟಲೆ ಬದುಕ್ತದೆ. ಅದಕ್ಕೇ ನಮ್ಮಂಥ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರೋದನ್ನ ಅಮೆರಿಕ ನಿಲ್ಲಿಸಿದೆ. ಹಸಿ ಕರಿಬೇವೂ ಅಲ್ಲಿಗೆ ಬೇಡ, ಅದು ನಿಂಬೆ ಜಾತಿಯ ಗಿಡಗಳಿಗೆ ರೋಗ ತರೋ ಭಯ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಹೆಮ್ಮೆ ಇರಲಿ. ಆದರೆ ಹಡಗಿನ ಸಾಮಾನಿನಲ್ಲಿ ಕಾಳು, ಹಿಟ್ಟು, ಉಪ್ಪಿನಕಾಯಿ ಏನೂ ಬೇಡ. ಒಂದು ಚೀಲ ಬೇಳೆ ಸಲುವಾಗಿ ಇಡೀ ಡಬ್ಬಿಗಳು ತಪಾಸಣೆಗೆ ನಿಲ್ತಾವ. ಕೈಯಲ್ಲಿ ಒಯ್ಯೋದಿದ್ರೆ ಕಾರ್ಡ್ ಮೇಲೆ 'ಹೌದು' ಅಂತ ಬರೀರಿ. ಹೇಳಿದ್ರೆ ಹೆಚ್ಚೆಂದರೆ ವಸ್ತು ಕಸಿದುಕೊಳ್ತಾರೆ, ಮುಚ್ಚಿಟ್ರೆ ದಂಡ.

ಆಸ್ಟ್ರೇಲಿಯಾದೋರು ಶೂ ತಳ, ಸೈಕಲ್ ಗಾಲಿ ಕೂಡ ನೋಡ್ತಾರೆ. ನಮ್ಮ ಎರೆ ಮಣ್ಣು ಬಿಡೋದು ಕಷ್ಟ ಅಂತ ನಿಮಗೂ ಗೊತ್ತು. ಬ್ರಷ್ ಹಾಕಿ ತೊಳೆದು, ಒಣಗಿಸಿ ಇಡ್ರಿ. ಕಟ್ಟಿಗೆ ಸಾಮಾನಿನಲ್ಲಿ ತೊಗಟೆ, ಹುಳ ಕೊರೆದ ತೂತು ಇರಬಾರದು. ಪ್ಯಾಕಿಂಗ್ ಕಟ್ಟಿಗೆ ಪೆಟ್ಟಿಗೆ ಮೇಲೆ ಗೋಧಿ ತೆನೆ ಚಿತ್ರದ ಮುದ್ರೆ ಇದೆಯಾ ನೋಡ್ರಿ. ಸಾಮಾನ್ಯವಾಗಿ ಆ ಕಟ್ಟಿಗೆಯನ್ನ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿರ್ತಾರೆ, ಅದರ ಗುರುತು ಅದು. ಊರಿನ ಬಡಿಗರಿಂದ ಹಸಿ ಹಲಗೆ ಪೆಟ್ಟಿಗೆ ಮಾಡಿಸಿ ಕಳಿಸಿದ್ರೆ ಅಲ್ಲಿ ತಡೀತಾರೆ.

ಅಜ್ಜನ ಕಾಲದ ವಸ್ತು

ನಮ್ಮ ದೇಶದ ಕಡೆಯಿಂದಲೂ ಒಂದು ತಡೆ ಇದೆ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಮೂರ್ತಿ, ಕಲಾವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಇವನ್ನ ಖಾಸಗಿಯವರು ದೇಶದ ಹೊರಗೆ ಒಯ್ಯೋ ಹಂಗಿಲ್ಲ. ದೇವರ ಜಗಲಿಯ ಹಳೇ ಹಿತ್ತಾಳೆ ಮೂರ್ತಿ, ತಾಳೆಗರಿ ಕಟ್ಟು, ನಿಮ್ಮ ಮನೆಯದೇ ಆದರೂ ಅಷ್ಟೇ. ಹಳೇದರಂಗೆ ಕಾಣೋ ವಸ್ತು ಒಯ್ಯಬೇಕಿದ್ರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ 'ಇದು ಪ್ರಾಚ್ಯವಸ್ತು ಅಲ್ಲ' ಅನ್ನೋ ಪತ್ರ ತಗೋಬೇಕು. ಬಂಗಾರ ಹೆಚ್ಚಿಗೆ ಒಯ್ಯೋರು ಹೊರಡೋ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಳ್ರಿ. ಮರಳಿ ಬರುವಾಗ 'ಇದು ಇಲ್ಲಿಂದಲೇ ಒಯ್ದದ್ದು' ಅಂತ ತೋರಿಸಲಿಕ್ಕೆ ಅದೇ ಸಾಕ್ಷಿ.

ದರ ಕೇಳುವಾಗ, ಫೋನ್ ಬಂದಾಗ

ಸಾಗಣೆ ಕಂಪನಿಗೆ ಮೂರು ಪ್ರಶ್ನೆ. ಒಂದು: ಈ ದರ ಮನೆಯಿಂದ ಮನೆಗೋ, ಬರೀ ಆ ಕಡೆಯ ಬಂದರಿನ ತನಕವೋ? 'ಇಷ್ಟು ಅಗ್ಗ' ಅಂತ ಖುಷಿಪಟ್ಟು, ಆ ಕಡೆ ಬಂದರಿನ ಖರ್ಚು, ಕಸ್ಟಮ್ಸ್ ಏಜೆಂಟ್ ಖರ್ಚು, ಗೋದಾಮು ಬಾಡಿಗೆ ಬೇರೆ ಕಟ್ಟೋದು ಇಲ್ಲಿಂದಲೇ ಶುರುವಾಗೋದು. ಎರಡು: ಆ ಕಡೆ ಸಾಮಾನು ಬಿಡಿಸೋ ಏಜೆಂಟ್ ಯಾರು? ಹೆಸರು, ವಿಳಾಸ ಬರಹದಲ್ಲಿ ಬೇಕು. ಮೂರು: ವಿಮೆ ಹೆಂಗೆ? ನೀವೇ ಪ್ಯಾಕ್ ಮಾಡಿದ ಡಬ್ಬಿಯಲ್ಲಿ ಒಡೆದದ್ದಕ್ಕೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡೋದಿಲ್ಲ.

ಇನ್ನೊಂದು ಅಪಾಯ ನಿಮ್ಮ ಕೈಯಲ್ಲಿರೋ ಫೋನಿನಲ್ಲೇ ಇದೆ. 'ಕಸ್ಟಮ್ಸ್‌ನಿಂದ ಮಾತಾಡ್ತಿದೀವಿ, ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಈಗಲೇ ದುಡ್ಡು ಹಾಕ್ರಿ' ಅಂತ ಕರೆ ಬರ್ತಾವ. ನಿಜವಾಗಲೂ ಸಾಮಾನು ಕಳಿಸಿದೋರು ಬೇಗ ಬಲೆಗೆ ಬೀಳ್ತಾರೆ, ಯಾಕಂದ್ರೆ ಅವರ ಪಾರ್ಸೆಲ್ ದಾರಿಯಲ್ಲಿರ್ತದೆ. ಊರಲ್ಲಿರೋ ಅಪ್ಪ, ಅವ್ವಗೂ ಇದನ್ನ ಹೇಳಿ ಹೋಗ್ರಿ. ಸುಂಕವನ್ನ ಯಾರದೋ ಸ್ವಂತ ಯುಪಿಐ ನಂಬರ್‌ಗೆ ಕಟ್ಟೋದಿಲ್ಲ. ವಿಡಿಯೋ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಅನ್ನೋದು ಕಾನೂನಿನಲ್ಲೇ ಇಲ್ಲ. 2019ರ ನವೆಂಬರ್‌ನಿಂದ ಕಸ್ಟಮ್ಸ್ ಇಲಾಖೆಯ ಪತ್ರಗಳ ಮೇಲೆ ಡಿನ್ ಅನ್ನೋ ಗುರುತಿನ ನಂಬರ್ ಇರಬೇಕು, ಅದನ್ನ ಸಿಬಿಐಸಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು. ದುಡ್ಡು ಹೋಗಿಬಿಟ್ಟಿದ್ರೆ ತಡ ಮಾಡದೆ 1930ಕ್ಕೆ ಕರೆ ಮಾಡ್ರಿ.

ಕೊನೆಗೆ, ಪಟ್ಟಿ

ಇಷ್ಟೆಲ್ಲದಕ್ಕೂ ಬುಡ ಒಂದೇ, ಪಟ್ಟಿ. ಡಬ್ಬಿಗೆ ನಂಬರ್ ಹಾಕ್ರಿ. ಯಾವ ಡಬ್ಬಿಯಲ್ಲಿ ಏನು, ಎಷ್ಟು, ಯಾವಾಗ ಕೊಂಡದ್ದು, ಈಗಿನ ಬೆಲೆ ಎಷ್ಟು ಅಂತ ಇಂಗ್ಲಿಷ್‌ನಲ್ಲಿ ಬರೀರಿ. 'ಅಡುಗೆ ಸಾಮಾನು' ಅಂತಷ್ಟೇ ಬರೆದ್ರೆ ಅಧಿಕಾರಿ ಡಬ್ಬಿ ಬಿಚ್ಚತಾರೆ. 'ಬಳಸಿದ ಸ್ಟೀಲ್ ಪಾತ್ರೆ 12, ಕಬ್ಬಿಣದ ರೊಟ್ಟಿ ಹಂಚು 1' ಅಂದ್ರೆ ಕೆಲಸ ಹಗುರ. ಪಟ್ಟಿ ಮೇಲಿನ ಹೆಸರು ಪಾಸ್‌ಪೋರ್ಟ್ ಮೇಲಿನ ಹೆಸರಿಗೆ ಅಕ್ಷರ ಅಕ್ಷರ ಹೊಂದಬೇಕು. ನಮ್ಮ ಕಡೆ ಆಧಾರ್‌ನಲ್ಲಿ ಒಂದು ಥರ, ಮಾರ್ಕ್ಸ್ ಕಾರ್ಡ್‌ನಲ್ಲಿ ಇನ್ನೊಂದು ಥರ ಇರೋದು ಗೊತ್ತಲ್ಲ. ಪಟ್ಟಿಯ ಒಂದು ಫೋಟೋ ಫೋನಿನಲ್ಲಿ, ಒಂದು ಪ್ರತಿ ಕೈ ಚೀಲದಲ್ಲಿ, ಇನ್ನೊಂದು ಮನೆಯಲ್ಲಿ.

ಪಟ್ಟಿ ಬರೆದಾದ ಮೇಲೆ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಹಾಕ್ಕೊಳ್ರಿ: ಇದನ್ನ ಕಳಿಸೋ ಖರ್ಚಿಗಿಂತ ಅಲ್ಲೇ ಕೊಳ್ಳೋದು ಅಗ್ಗವಾ? ಮಂಚ, ಫ್ರಿಜ್ ಅಂಥ ಅರ್ಧ ಪಟ್ಟಿ ಅಲ್ಲೇ ಅಳಿಸಿ ಹೋಗ್ತದೆ. ಅಂಗಡಿಯಲ್ಲಿ ಸಿಗದಂಥವು ಉಳೀತಾವ: ಅಮ್ಮ ಹೊಲಿದ ಕೌದಿ, ರೊಟ್ಟಿ ಹಂಚು, ಮಕ್ಕಳ ಕನ್ನಡ ಪುಸ್ತಕ. ಜಾಗ ಅವಕ್ಕೆ ಕೊಡ್ರಿ. ನಿಯಮಗಳು ಬದಲಾಗ್ತಿರ್ತಾವ, ಹೊರಡೋ ತಿಂಗಳು ನೀವು ಹೋಗೋ ದೇಶದ ಕಸ್ಟಮ್ಸ್ ವೆಬ್‌ಸೈಟ್ ಒಮ್ಮೆ ತೆರೆದು ನೋಡ್ರಿ.

ಇವತ್ತಿಗೆ ಇಷ್ಟು. ಹೊರಡೋ ತಯಾರಿಯಲ್ಲಿರೋ ಗೆಳೆಯರಿಗೆ ಇದನ್ನ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ಬರ್ತೀನ್ರಿ.